ಮದ್ದು ಹಚ್ಚದ ಗೂಟ

ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ಬಡಗಿಗಳು, ಒಂದಷ್ಟು ಕಾಲೇಜು ಹುಡುಗ ಹುಡುಗಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬರುವಾಗ ಒಂದು ಗೂಟ ತಂದಿದ್ದೇನೆ. ಮುಂದಿನ ಸಾಲಿನವರು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಹಿಂದಕ್ಕೆ ದಾಟಿಸಿ. ಸಿಲ್ವರ್ ಓಕ್ ಗೂಟ. ಮೇಲಿನ ಅರ್ಧ ನೋಡಿದರೆ ಏನೂ ಆದ ಹಾಗಿಲ್ಲ. ಬಿಸಿಲಿಗೆ ಸ್ವಲ್ಪ ಬೂದು ಬಣ್ಣ ಬಂದಿದೆ, ಅಷ್ಟೇ. ಕೆಳಗಿನ ಅರ್ಧವನ್ನು ಬೆರಳಲ್ಲಿ ಒತ್ತಿ ನೋಡಿ. ಹೊರಗಿನ ಸಿಪ್ಪೆ ಮಾತ್ರ ಉಳಿದಿದೆ. ಒಳಗೆ ಮರ ಇಲ್ಲ, ಮಣ್ಣು ತುಂಬಿದೆ. ಮರ ಇದ್ದ ಜಾಗದಲ್ಲೆಲ್ಲ ಗೆದ್ದಲು ಮಣ್ಣು ಮೆತ್ತಿಕೊಂಡು ಹೋಗಿದೆ.

ಈ ಗೂಟಕ್ಕೆ ನಾನು ಯಾವ ಮದ್ದನ್ನೂ ಹಚ್ಚಿರಲಿಲ್ಲ. ಬೇಕೆಂದೇ ಹಚ್ಚಿರಲಿಲ್ಲ. ಇವತ್ತು ಮರದ ಮದ್ದುಗಳ ಬಗ್ಗೆ ಮಾತಾಡಲು ಕರೆದಿದ್ದೀರಿ. ಆದರೆ ನನ್ನ ಪಾಲಿಗೆ ಆ ಮದ್ದುಗಳ ವಿಷಯ ಶುರುವಾಗುವುದೇ ಈ ಬರಿ ಗೂಟದಿಂದ. ಅದು ಯಾಕೆ ಅಂತ ಹೇಳುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದೆ ಆಲ್ದೂರು ಕಡೆಯ ನಮ್ಮ ತೋಟದ ರಸ್ತೆ ಬದಿಗೆ ಬೇಲಿ ಹಾಕಿಸಿದೆ. ಕಲ್ಲು ಕಂಬಕ್ಕೆ ದುಡ್ಡು ಸಾಲಲಿಲ್ಲ. ತೋಟದಲ್ಲೇ ಕಡಿದ ಸಿಲ್ವರ್ ಓಕ್ ಕಂಬಗಳನ್ನು ನೆಡಿಸಿದೆ. ಪೇಟೆಯ ಒಂದು ಅಂಗಡಿಯಿಂದ ಮರಕ್ಕೆ ಹಚ್ಚುವ ಮದ್ದು ತಂದೆ. 'ಗೆದ್ದಲು ಹತ್ತಿರ ಸುಳಿಯಲ್ಲ' ಅಂದರು. ಬ್ರಶ್ಶಿನಲ್ಲಿ ಎರಡು ಸಲ ಬಳಿಸಿದೆ. ಮೂರನೇ ಮಳೆಗಾಲಕ್ಕೆ ಕಂಬಗಳು ಒಂದೊಂದಾಗಿ ವಾಲತೊಡಗಿದವು. ಕಿತ್ತು ನೋಡಿದರೆ ನೆಲಮಟ್ಟದಲ್ಲಿ ಎಲ್ಲವೂ ಟೊಳ್ಳು. ಕೋಪ ಬಂತು. ಖಾಲಿ ಡಬ್ಬ ಹಿಡಿದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: 'ಹಚ್ಚದೇ ಇದ್ದಿದ್ರೆ ಎಷ್ಟು ದಿನ ಬರ್ತಿತ್ತು ಸಾರ್?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಚ್ಚದೇ ಇದ್ದಿದ್ದರೆ ಒಂದೇ ವರ್ಷಕ್ಕೆ ಬೀಳುತ್ತಿತ್ತೋ, ಮೂರು ವರ್ಷವೇ ನಿಲ್ಲುತ್ತಿತ್ತೋ? ಒಂದೇ ವರ್ಷಕ್ಕೆ ಬೀಳುವಂಥದ್ದಾದರೆ ಆ ಮದ್ದು ಎರಡು ವರ್ಷ ಕಾಪಾಡಿದೆ ಅಂತ ಆಯಿತು. ಮೂರು ವರ್ಷ ನಿಲ್ಲುವಂಥದ್ದಾದರೆ ಮದ್ದು ಬರೀ ಬಣ್ಣ. ಇದನ್ನು ತಿಳಿಯಲು ನಾನು ಒಂದೇ ಒಂದು ಬರಿ ಕಂಬವನ್ನೂ ನೆಟ್ಟಿರಲಿಲ್ಲ.

ಅದೇ ವರ್ಷ ಇನ್ನೊಂದು ವಿಷಯ ಗಮನಕ್ಕೆ ಬಂತು. ಪಕ್ಕದ ತೋಟದವರು ತಮ್ಮ ಕಂಬಗಳ ಬುಡಕ್ಕೆ ವೇಸ್ಟ್ ಆಯಿಲ್ ಬಳಿದಿದ್ದರು. ಏಳು ವರ್ಷ ಆದರೂ ಕಂಬ ಅಲ್ಲಾಡಿರಲಿಲ್ಲ. ಊರೆಲ್ಲ ವೇಸ್ಟ್ ಆಯಿಲ್ ಅಂದರೆ ಸಂಜೀವಿನಿ ಅನ್ನುವ ಹಾಗೆ ಆಯಿತು. ನಾನೂ ನೋಡಲು ಹೋದೆ. ಸಾಲಿನ ನಡುವೆ ಎರಡು ಕಂಬಕ್ಕೆ ಆಳುಗಳು ಆಯಿಲ್ ಹಚ್ಚಲು ಮರೆತಿದ್ದರಂತೆ. ಆ ಎರಡೂ ಅಷ್ಟೇ ಗಟ್ಟಿಯಾಗಿ ನಿಂತಿದ್ದವು. ಅಂದರೆ ಆ ಜಾಗದಲ್ಲಿ ಗೆದ್ದಲಿನ ಕಾಟವೇ ಕಡಿಮೆ. ಅಲ್ಲಿ ನೀರು ಬಳಿದಿದ್ದರೂ ಏಳು ವರ್ಷ ನಿಲ್ಲುತ್ತಿತ್ತು.

ಆಮೇಲೆ ಓದಿ, ತಿಳಿದವರನ್ನು ಕೇಳಿ ಕಲಿತೆ. ಮರದ ಮದ್ದನ್ನು ಪರೀಕ್ಷೆ ಮಾಡುವವರು ಲೋಕದ ಯಾವ ಮೂಲೆಯಲ್ಲಿದ್ದರೂ ಮದ್ದು ಹಚ್ಚಿದ ಗೂಟದ ಜೊತೆಗೆ ಹಚ್ಚದ ಗೂಟವನ್ನೂ ನೆಡುತ್ತಾರೆ. ಬರಿ ಗೂಟವನ್ನು ಗೆದ್ದಲು ತಿನ್ನದಿದ್ದರೆ ಆ ಪರೀಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಗೆದ್ದಲಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ಈಸಲು ಹುಳ ಮುತ್ತುತ್ತವಲ್ಲ, ಅವು ಗೆದ್ದಲಿನ ಮನೆಯಿಂದ ಹೊಸ ಸಂಸಾರ ಹೂಡಲು ಹೊರಟ ಗಂಡು ಹೆಣ್ಣುಗಳು. ಲೋಕದಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳಿವೆ. ಅವುಗಳಲ್ಲಿ ಮನೆ ಮರಕ್ಕೆ ಕಾಟ ಕೊಡುವವು ಸ್ವಲ್ಪವೇ. ಉಳಿದವು ಕಾಡಿನಲ್ಲಿ ಬಿದ್ದ ಎಲೆ, ರೆಂಬೆಗಳನ್ನು ಮಣ್ಣು ಮಾಡುತ್ತಾ ನಮಗೆ ಉಪಕಾರವನ್ನೇ ಮಾಡುತ್ತವೆ. ನಮ್ಮ ಕಡೆ ಮರಕ್ಕೆ ಬೀಳುವ ಗೆದ್ದಲಿನಲ್ಲಿ ದೊಡ್ಡ ಪಾಲು ಒಡಾಂಟೋಟರ್ಮಿಸ್ ಅನ್ನುವ ಗುಂಪಿನದು. ಇವು ಒಂದು ರೀತಿಯಲ್ಲಿ ರೈತರು. ಅಗಿದ ಮರವನ್ನು ಗೂಡಿನಲ್ಲಿ ಜೇನುರೊಟ್ಟಿನ ಹಾಗೆ ಕಟ್ಟಿ ಅದರ ಮೇಲೆ ಶಿಲೀಂಧ್ರ ಬೆಳೆಯುತ್ತವೆ. ಮಳೆಗಾಲದಲ್ಲಿ ಹುತ್ತದ ಹತ್ತಿರ ಏಳುವ ಅಣಬೆಯನ್ನು ತಂದು ಸಾರು ಮಾಡುತ್ತೀರಲ್ಲ, ಅದು ಗೆದ್ದಲಿನ ಆ ತೋಟದ್ದೇ ಬೆಳೆ.

ಕೆಲಸ ಮಾಡುವ ಗೆದ್ದಲಿಗೆ ಕಣ್ಣು ಕಾಣುವುದಿಲ್ಲ. ಮೈ ಮೆತ್ತಗೆ, ಚರ್ಮ ತೆಳು. ಗಾಳಿಗೆ ಬಂದರೆ ಒಣಗಿ ಸಾಯುತ್ತದೆ. ಅದಕ್ಕೇ ಹೋದಲ್ಲೆಲ್ಲ ಮಣ್ಣಿನ ಮುಚ್ಚಿಗೆ ಕಟ್ಟಿಕೊಂಡು ಹೋಗುತ್ತದೆ. ಕಂಬ ನೆಲಮಟ್ಟದಲ್ಲೇ ಯಾಕೆ ಮುರಿಯುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಅಲ್ಲಿ ತೇವ ಇದೆ, ಗಾಳಿ ಇದೆ, ಪಕ್ಕದಲ್ಲೇ ಮಣ್ಣಿದೆ. ಗೆದ್ದಲಿಗೂ ಅದು ಅನುಕೂಲ, ಮರ ಕೊಳೆಸುವ ಶಿಲೀಂಧ್ರಕ್ಕೂ ಅನುಕೂಲ. ಬೇಲಿ ಕಂಬ ಬಿದ್ದರೆ ನಾವು ಎಲ್ಲವನ್ನೂ ಗೆದ್ದಲಿನ ತಲೆಗೆ ಕಟ್ಟುತ್ತೇವೆ. ಮೂಡಿಗೆರೆ ಕಡೆಯ ಮಳೆಯಲ್ಲಿ ಎಷ್ಟೋ ಸಲ ಮೊದಲು ಕೊಳೆ ಹಿಡಿದಿರುತ್ತದೆ, ಗೆದ್ದಲು ಆಮೇಲೆ ಬಂದಿರುತ್ತದೆ. ಮರ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿದು ಪುಡಿಯಾಗುತ್ತಿದ್ದರೆ ಅದು ಕೊಳೆ. ಒಳಗೆ ಮಣ್ಣು ಮೆತ್ತಿದ ದಾರಿಗಳಿದ್ದರೆ ಅದು ಗೆದ್ದಲು. ಮದ್ದನ್ನು ಪರೀಕ್ಷಿಸುವವರು ಇವೆರಡಕ್ಕೂ ಬೇರೆ ಬೇರೆ ಅಂಕ ಬರೆಯುತ್ತಾರೆ.

ಮರದಲ್ಲೂ ಎಲ್ಲ ಭಾಗ ಒಂದೇ ಅಲ್ಲ. ಒಳಗಿನ ಬಣ್ಣ ಬಂದ ಭಾಗ, ಅಂದರೆ ಚೇಗು, ತಾನೇ ಒಂದು ಮದ್ದಿನ ಡಬ್ಬ. ತೇಗದ ಚೇಗಿನಲ್ಲಿ ಟೆಕ್ಟೋಕ್ವಿನೋನ್ ಅನ್ನುವ ರಾಸಾಯನಿಕ ಇದೆ. ಅದನ್ನು ಕಂಡರೆ ಗೆದ್ದಲಿಗೆ ಆಗದು. ಆದರೆ ಅದೇ ತೇಗದ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಸಿಲ್ವರ್ ಓಕ್ ತಿಂದಷ್ಟೇ ಸುಲಭವಾಗಿ ತಿನ್ನುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಹೊನ್ನೆ, ಮತ್ತಿ, ಹಲಸು, ಬೀಟೆ ಇದ್ದವು. ಚೇಗು ಕಟ್ಟಿದ ದೊಡ್ಡ ಮರಗಳು ಸಿಗುತ್ತಿದ್ದವು. ಕಂಬದ ಬುಡಕ್ಕೆ ಕಲ್ಲು ಕೊಡುತ್ತಿದ್ದರು, ಮರ ಮಣ್ಣು ಮುಟ್ಟುತ್ತಿರಲಿಲ್ಲ. ಈಗ ನಮಗೆ ಸಿಗುವುದು ಸಿಲ್ವರ್ ಓಕ್, ಅಕೇಶಿಯ, ನೀಲಗಿರಿ, ರಬ್ಬರ್ ಮರ. ಕಾಡಿನ ಮರ ಕಾಡಿನಲ್ಲೇ ಇರಲಿ ಅನ್ನುವುದು ನನ್ನ ಆಸೆ. ಹಾಗಿದ್ದರೆ ತೋಟದ ಮರವನ್ನೇ ಬಾಳಿಕೆ ಬರುವ ಹಾಗೆ ಮಾಡಿಕೊಳ್ಳಬೇಕು, ಅಲ್ವಾ?

ಮದ್ದಿನ ಪರೀಕ್ಷೆ ಎರಡು ಕಡೆ ನಡೆಯುತ್ತದೆ, ಜಾಡಿಯಲ್ಲಿ ಮತ್ತು ನೆಲದಲ್ಲಿ. ಜಾಡಿಯದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾಜಿನ ಜಾಡಿಯಲ್ಲಿ ತೇವದ ಮರಳು ಹಾಕುತ್ತಾರೆ. ಮದ್ದು ಕುಡಿಸಿದ ಸಣ್ಣ ಮರದ ತುಂಡು ಇಡುತ್ತಾರೆ. ಎಣಿಸಿ ಗೆದ್ದಲು ಬಿಡುತ್ತಾರೆ. ಅಮೆರಿಕದ ಪದ್ಧತಿಯಲ್ಲಿ 400 ಗೆದ್ದಲು, 4 ವಾರ. ಯೂರೋಪಿನ ಇಎನ್ 117 ಪದ್ಧತಿಯಲ್ಲಿ 250 ಕೆಲಸಗಾರ ಗೆದ್ದಲು, 8 ವಾರ. ಕೊನೆಗೆ ತುಂಡಿನ ತೂಕ ಎಷ್ಟು ಇಳಿದಿದೆ, ಎಷ್ಟು ಗೆದ್ದಲು ಬದುಕಿವೆ ಅಂತ ನೋಡುತ್ತಾರೆ. ಪಕ್ಕದ ಜಾಡಿಯಲ್ಲಿ ಬರಿ ಮರದ ತುಂಡು ಇರುತ್ತದೆ. ಅಲ್ಲಿನ ಗೆದ್ದಲು ಆರೋಗ್ಯವಾಗಿ ಬದುಕಿ ಮರವನ್ನು ಚೆನ್ನಾಗಿ ತಿಂದಿರಬೇಕು. ಅವೂ ಸತ್ತಿದ್ದರೆ ಮದ್ದು ಕೊಂದಿದ್ದೋ, ಜಾಡಿಯ ಸೆಕೆ ಕೊಂದಿದ್ದೋ ಗೊತ್ತಾಗುವುದಿಲ್ಲ. ಇನ್ನೊಂದು ಬಗೆಯಲ್ಲಿ ಒಂದೇ ಜಾಡಿಯಲ್ಲಿ ಮದ್ದಿನ ತುಂಡು, ಬರಿ ತುಂಡು ಎರಡನ್ನೂ ಇಟ್ಟು ಗೆದ್ದಲಿಗೆ ಆಯ್ಕೆ ಬಿಡುತ್ತಾರೆ. ಕೆಲವು ಮದ್ದು ಗೆದ್ದಲನ್ನು ದೂರ ಓಡಿಸುತ್ತದೆ. ಕೆಲವು ತಿಂದ ಮೇಲೆ ನಿಧಾನವಾಗಿ ಕೊಲ್ಲುತ್ತದೆ. ಎರಡರ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ.

ಆದರೆ ನಮ್ಮ ಒಡಾಂಟೋಟರ್ಮಿಸ್ ಜಾಡಿಗೆ ಒಗ್ಗುವ ಹುಳ ಅಲ್ಲ. ಅದಕ್ಕೆ ತನ್ನ ಶಿಲೀಂಧ್ರದ ತೋಟ ಬೇಕು. ಗೂಡಿನಿಂದ ಬೇರೆ ಮಾಡಿದರೆ ಜಾಸ್ತಿ ದಿನ ಬಾಳುವುದಿಲ್ಲ. ಹಾಗಾಗಿ ನಮ್ಮ ಮಟ್ಟಿಗೆ ನಿಜವಾದ ಪರೀಕ್ಷೆ ನೆಲದಲ್ಲೇ.

ನೆಲದ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಗ್ರೇವ್‌ಯಾರ್ಡ್ ಟೆಸ್ಟ್ ಅನ್ನುತ್ತಾರೆ, ಸ್ಮಶಾನದ ಪರೀಕ್ಷೆ. ಬಯಲಿನಲ್ಲಿ ಸಾಲು ಸಾಲಾಗಿ ಅರ್ಧ ಹೂತ ಗೂಟಗಳು ಸಮಾಧಿ ಕಲ್ಲಿನ ಹಾಗೆ ಕಾಣುತ್ತವೆ, ಅದಕ್ಕೆ. ನಮ್ಮ ದೇಶದಲ್ಲಿ ಇದಕ್ಕೆಂದೇ ಐಎಸ್ 4833 ಅನ್ನುವ ಮಾನಕ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಇಂಥ ಪರೀಕ್ಷೆಗಳನ್ನು ಮಾಡುತ್ತಾ ಬಂದಿದ್ದಾರೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಅದಕ್ಕಿಂತ ಹಳೆಯದು. ಯಾವ ಮರ ಎಷ್ಟು ಬಾಳುತ್ತದೆ ಅನ್ನುವ ನಮ್ಮ ಪಟ್ಟಿಯೂ ಹೀಗೆ ಗೂಟ ಹೂತೇ ಬಂದದ್ದು. 60 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪ ಮತ್ತು ಅಗಲದ ಚೇಗಿನ ಗೂಟಗಳನ್ನು ಹೂಳುತ್ತಾರೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಬಾಳಿದರೆ ಮೊದಲ ದರ್ಜೆ. 60ರಿಂದ 120 ತಿಂಗಳೊಳಗೆ ಹೋದರೆ ಎರಡನೇ ದರ್ಜೆ. 60 ತಿಂಗಳೂ ಬಾಳದಿದ್ದರೆ ಮೂರನೇ ದರ್ಜೆ. ಹತ್ತು ವರ್ಷ ಯಾರೋ ಒಬ್ಬರು ಆ ಗೂಟಗಳನ್ನು ಕಾದಿದ್ದಾರೆ, ಕಿತ್ತು ನೋಡಿದ್ದಾರೆ, ಬರೆದಿಟ್ಟಿದ್ದಾರೆ. ಅವರು ನೌಕರಿ ಬಿಟ್ಟು ಹೋದ ಮೇಲೆ ಇನ್ನೊಬ್ಬರು ಅದೇ ಪುಸ್ತಕದಲ್ಲಿ ಮುಂದಿನ ಸಾಲು ಬರೆದಿದ್ದಾರೆ. ಇಂಥ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ.

ಗೂಟ ನೆಡುವುದು ಸುಲಭ ಅನ್ನಿಸುತ್ತದೆ. ತಪ್ಪು ಆಗುವುದೂ ಅಲ್ಲೇ. ನಾನು ಮೊದಲ ಸಲ ಮಾಡಿದಾಗ ಒಂದು ಮದ್ದಿನ ಗೂಟಗಳನ್ನೆಲ್ಲ ಒಂದು ಸಾಲಿನಲ್ಲಿ, ಇನ್ನೊಂದು ಮದ್ದಿನವನ್ನು ಮುಂದಿನ ಸಾಲಿನಲ್ಲಿ, ಬರಿ ಗೂಟಗಳನ್ನು ಕೊನೆಯ ಸಾಲಿನಲ್ಲಿ ಹೂತೆ. ನೋಡಲು ಚಂದ ಇತ್ತು. ಒಂದು ವರ್ಷಕ್ಕೆ ಕೊನೆಯ ಸಾಲು ಪೂರ್ತಿ ಹೋಯಿತು. ಖುಷಿಪಟ್ಟೆ. ಆಮೇಲೆ ಗಮನಿಸಿದೆ, ಗೆದ್ದಲು ಬರುತ್ತಿದ್ದ ದಿಕ್ಕೂ ಅದೇ. ಆ ಸಾಲಿನ ಆಚೆಗೇ ಹಳೆಯ ಬೊಡ್ಡೆ ಒಂದಿತ್ತು. ಮೊದಲ ಸಾಲಿನ ಗೂಟಗಳು ಮದ್ದಿನಿಂದ ಉಳಿದವೋ, ದೂರದಿಂದ ಉಳಿದವೋ ಹೇಳಲು ಬರಲಿಲ್ಲ. ಹಾಗಾಗಿ ಗೂಟಗಳನ್ನು ಕಲಸಿ ನೆಡಬೇಕು. ಚೀಟಿ ಎತ್ತಿ ಜಾಗ ಗೊತ್ತು ಮಾಡಿ. ನಮ್ಮ ಕೈಯಿಂದ ಆರಿಸಿದರೆ ಮನಸ್ಸು ಒಂದು ಕಡೆ ವಾಲುತ್ತದೆ.

ಒಂದು ಮದ್ದಿಗೆ ಒಂದೇ ಗೂಟ ಸಾಲದು. ಹತ್ತಾದರೂ ಬೇಕು. ಗೆದ್ದಲು ಒಂದನ್ನು ಬಿಟ್ಟು ಒಂದನ್ನು ತಿನ್ನುವುದು ಸಾಮಾನ್ಯ. ಗೂಟಗಳೆಲ್ಲ ಒಂದೇ ಮರದಿಂದ, ಒಂದೇ ಭಾಗದಿಂದ ಬಂದಿರಬೇಕು. ಸಿಲ್ವರ್ ಓಕಿಗೆ ಮದ್ದು ಹಚ್ಚಿ, ಪಕ್ಕದಲ್ಲಿ ಹೊನ್ನೆಯ ಬರಿ ಗೂಟ ನೆಟ್ಟರೆ ಏನೂ ತಿಳಿಯದು. ನಂಬರನ್ನು ಪೇಂಟಿನಲ್ಲಿ ಬರೆಯಬೇಡಿ, ಎರಡು ಮಳೆಗೆ ಅಳಿಸುತ್ತದೆ. ಅಲ್ಯೂಮಿನಿಯಂ ತಗಡಿನ ತುಂಡಿನ ಮೇಲೆ ಮೊಳೆಯಿಂದ ಕೊರೆದು ಗೂಟದ ತಲೆಗೆ ಹೊಡೆಯಿರಿ. ಅದರ ನಕ್ಷೆಯನ್ನು ಪುಸ್ತಕದಲ್ಲೂ ಬರೆದಿಡಿ.

ನೋಡುವಾಗ ಗೂಟವನ್ನು ಮೆಲ್ಲಗೆ ಕೀಳಬೇಕು. ಮಣ್ಣನ್ನು ಉಜ್ಜಿ, ಸಣ್ಣ ಚಾಕುವಿನ ತುದಿಯಿಂದ ಚುಚ್ಚಿ ನೋಡಬೇಕು. ಯೂರೋಪಿನ ಇಎನ್ 252 ಪದ್ಧತಿಯಲ್ಲಿ 0ಯಿಂದ 4ರವರೆಗೆ ಅಂಕ: 0 ಅಂದರೆ ಏನೂ ಆಗಿಲ್ಲ, 4 ಅಂದರೆ ಗೂಟ ಹೋಯಿತು. ಅಮೆರಿಕದ್ದು ತಿರುಗಾ ಮುರುಗಾ: 10 ಅಂದರೆ ಗಟ್ಟಿ, 0 ಅಂದರೆ ಹೋಯಿತು. ಯಾವುದನ್ನಾದರೂ ಹಿಡಿಯಿರಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ. ನೋಡಿದ ಗೂಟವನ್ನು ಅದೇ ಗುಂಡಿಗೆ ಇಳಿಸಿ ಮಣ್ಣು ಒತ್ತಿ. ತಿಂಗಳಿಗೊಮ್ಮೆ ಕಿತ್ತರೆ ಗೆದ್ದಲು ಕಟ್ಟಿದ ದಾರಿ ಮುರಿದು ಅದು ಆ ಕಡೆಗೇ ಬರುವುದಿಲ್ಲ. ಆಗ ನಿಮ್ಮ ಕುತೂಹಲವೇ ಗೂಟಕ್ಕೆ ಮದ್ದಾಗಿಬಿಡುತ್ತದೆ. ಆರು ತಿಂಗಳಿಗೊಮ್ಮೆ ಸಾಕು.

ಮದ್ದು ಹಚ್ಚಿದೆ ಅನ್ನುವುದು ಅರ್ಧ ಮಾತು. ಮರ ಎಷ್ಟು ಕುಡಿಯಿತು ಅನ್ನುವುದು ಉಳಿದ ಅರ್ಧ. ನಾನು ಮೊದಲು ಸೋತದ್ದು ಇಲ್ಲಿಯೇ ಅನ್ನಿಸುತ್ತದೆ. ಇದನ್ನು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಆಗ ಹೇಳಿದ ಅಳತೆಯ ಗೂಟ ತೆಗೆದುಕೊಳ್ಳಿ. 60 ಇಂಟು 5 ಇಂಟು 5, ಅಂದರೆ 1500 ಘನ ಸೆಂಟಿಮೀಟರ್. ಮದ್ದಿಗೆ ಹಾಕುವ ಮೊದಲು 900 ಗ್ರಾಂ ಇತ್ತು ಅಂದುಕೊಳ್ಳಿ. ಟ್ಯಾಂಕಿನಲ್ಲಿ ತುಂಬಿದ ಮದ್ದಿನ ನೀರಲ್ಲಿ ನೆನೆಸಿ ತೆಗೆದ ಕೂಡಲೇ ತೂಗಿದರೆ 1200 ಗ್ರಾಂ. ಮರ ಕುಡಿದದ್ದು 300 ಗ್ರಾಂ ದ್ರಾವಣ. ನೂರು ಗ್ರಾಂ ದ್ರಾವಣದಲ್ಲಿ 4 ಗ್ರಾಂ ಮದ್ದಿದ್ದರೆ, ಒಳಗೆ ಹೋದ ಮದ್ದು 12 ಗ್ರಾಂ. ಅದನ್ನು ಒಂದು ಘನ ಮೀಟರ್ ಮರಕ್ಕೆ ಲೆಕ್ಕ ಹಾಕಿದರೆ 8 ಕೆಜಿ. ಅದೇ ಗೂಟಕ್ಕೆ ಬ್ರಶ್ಶಿನಲ್ಲಿ ಬಳಿದು, ಅದು 30 ಗ್ರಾಂ ಮಾತ್ರ ಕುಡಿದಿದ್ದರೆ ಘನ ಮೀಟರಿಗೆ 0.8 ಕೆಜಿ. ಅಮೆರಿಕದಲ್ಲಿ ಸಿಸಿಎ ಅನ್ನುವ, ತಾಮ್ರ ಮತ್ತು ಆರ್ಸೆನಿಕ್ ಇರುವ ಮದ್ದಿಗೆ, ಮಣ್ಣು ಮುಟ್ಟುವ ಮರಕ್ಕೆ ಘನ ಮೀಟರಿಗೆ 6.4 ಕೆಜಿ, ನೆಲದಿಂದ ಮೇಲಿರುವ ಮರಕ್ಕೆ 4 ಕೆಜಿ ಅಂತ ಇಟ್ಟುಕೊಂಡಿದ್ದರು. ಬ್ರಶ್ ಎಲ್ಲಿ, ಟ್ಯಾಂಕ್ ಎಲ್ಲಿ ಅಂತ ಇದರಿಂದ ತಿಳಿಯುತ್ತದೆ.

ಬಡಗಿಗಳಿಗೆ ಒಂದು ಮಾತು. ಬ್ರಶ್ಶಿನ ಮದ್ದು ಮರದ ಮೇಲಿನ ತೆಳ್ಳನೆಯ ಚರ್ಮಕ್ಕಷ್ಟೇ ಇಳಿಯುತ್ತದೆ. ಮರ ಬಿಸಿಲಿಗೆ ಸೀಳಿದರೆ ಗೆದ್ದಲಿಗೆ ಆ ಸೀಳೇ ಬಾಗಿಲು. ಮದ್ದು ಕುಡಿಸಿದ ಮೇಲೆ ತುದಿ ಕೊಯ್ದರೆ, ತೂತು ಕೊರೆದರೆ, ಮದ್ದು ಇಲ್ಲದ ಒಳಮರವನ್ನು ನೀವೇ ತೆರೆದು ಕೊಟ್ಟ ಹಾಗೆ. ಅಳತೆ, ಕೊಯ್ತ, ತೂತು ಎಲ್ಲ ಮೊದಲು ಮುಗಿಸಿ, ಮದ್ದು ಆಮೇಲೆ. ಕೊಯ್ದ ತುದಿ ಪಕ್ಕದ ಮೈಗಿಂತ ಎಷ್ಟೋ ಜಾಸ್ತಿ ಕುಡಿಯುತ್ತದೆ. ಅದನ್ನು ಮದ್ದಿನಲ್ಲಿ ಅದ್ದಿಡಿ.

ಸಿಸಿಎ ಅಂದೆನಲ್ಲ, ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮದ್ದು. ಲೋಕದ ತುಂಬ ವಿದ್ಯುತ್ ಕಂಬ, ಬೇಲಿ ಕಂಬಗಳಿಗೆ ಹೋಯಿತು. ಅದನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಸೊಂಟಿ ಕಾಮೇಶಂ. ನಮ್ಮವರು. ಈ ಹೆಸರನ್ನು ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕು. ತಾಮ್ರ ಕೊಳೆಯನ್ನು ತಡೆಯುತ್ತದೆ. ಆರ್ಸೆನಿಕ್ ಗೆದ್ದಲನ್ನು ತಡೆಯುತ್ತದೆ, ತಾಮ್ರಕ್ಕೆ ಜಗ್ಗದ ಶಿಲೀಂಧ್ರವನ್ನೂ ತಡೆಯುತ್ತದೆ. ಕ್ರೋಮಿಯಂ ಈ ಎರಡನ್ನೂ ಮಳೆಗೆ ತೊಳೆದು ಹೋಗದಂತೆ ಮರಕ್ಕೆ ಕಟ್ಟಿಹಾಕುತ್ತದೆ. ಆದರೆ ಆರ್ಸೆನಿಕ್ ವಿಷ. 2003ರ ಕೊನೆಗೆ ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ತಯಾರಕರು ನಿಲ್ಲಿಸಿದರು. ಇದನ್ನು ಕುಡಿಸಿದ ಹಳೆಯ ಕಂಬ ನಿಮ್ಮಲ್ಲಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಹೊಗೆಯಲ್ಲೂ ಆರ್ಸೆನಿಕ್, ಬೂದಿಯಲ್ಲೂ ಆರ್ಸೆನಿಕ್. ಸ್ನಾನದ ನೀರು ಕಾಯಿಸಲೂ ಬೇಡ, ಆ ಬೂದಿಯನ್ನು ತರಕಾರಿ ಗಿಡಕ್ಕೆ ಸುರಿಯಲೂ ಬೇಡ.

ಮನೆಯೊಳಗಿನ ಮರಕ್ಕೆ ನನಗೆ ಇಷ್ಟವಾದದ್ದು ಬೋರಾನ್ ಮದ್ದು. ಬೋರಿಕ್ ಆಸಿಡ್ ಒಂದು ಪಾಲಿಗೆ ಬೊರಾಕ್ಸ್ ಒಂದೂವರೆ ಪಾಲು. ಎರಡನ್ನೂ ಸೇರಿಸಿದರೆ ಒಂದೊಂದನ್ನೇ ಹಾಕಿದ್ದಕ್ಕಿಂತ ಜಾಸ್ತಿ ಕರಗುತ್ತದೆ. ಹಸಿ ಮರವನ್ನು ಈ ನೀರಿನಲ್ಲಿ ಅದ್ದಿ, ಪ್ಲಾಸ್ಟಿಕ್ ಹೊದೆಸಿ ಕೆಲವು ವಾರ ನೆರಳಲ್ಲಿ ಇಟ್ಟರೆ ಮದ್ದು ತಾನಾಗಿಯೇ ಒಳಗೆ ಇಳಿಯುತ್ತದೆ. ಟ್ಯಾಂಕ್ ಬೇಡ, ಮೆಷಿನ್ ಬೇಡ. ಬಣ್ಣ ಇಲ್ಲ, ವಾಸನೆ ಇಲ್ಲ. ಆದರೆ ಬೋರಾನನ್ನು ಮರಕ್ಕೆ ಕಟ್ಟಿಹಾಕುವವರು ಯಾರೂ ಇಲ್ಲ. ಹೇಗೆ ನೀರಿನ ಜೊತೆ ಒಳಗೆ ಬಂತೋ ಹಾಗೇ ಮಳೆಯ ಜೊತೆ ಹೊರಗೆ ಹೋಗುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದೇ ದಿನ ಬೋರಾನ್ ಕುಡಿಸಿದ ಗೂಟಗಳನ್ನು ಮೂರು ಭಾಗ ಮಾಡಿದೆ. ಒಂದು ಭಾಗ ನಮ್ಮ ತೋಟದ ಬಯಲಲ್ಲಿ. ಒಂದು ಭಾಗ ಕಡೂರಿನಲ್ಲಿ, ನನ್ನ ಹೆಂಡತಿಯ ತವರಿನ ಹೊಲದ ಬದುವಿನಲ್ಲಿ. ಇನ್ನೊಂದು ಭಾಗ ನಮ್ಮ ಕೊಟ್ಟಿಗೆಯಲ್ಲಿ, ಸೂರಿನ ಕೆಳಗೆ, ಇಟ್ಟಿಗೆಯ ಮೇಲೆ. ನಮ್ಮ ಬಯಲಿನವು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬರಿ ಗೂಟದ ಹಾದಿ ಹಿಡಿದವು. ಕಡೂರಿನವು ಇನ್ನೂ ಸ್ವಲ್ಪ ದಿನ ತಡೆದವು. ಕೊಟ್ಟಿಗೆಯವು ಇವತ್ತಿಗೂ ಹಾಗೇ ಇವೆ, ಅಲ್ಲಿಟ್ಟಿದ್ದ ಬರಿ ಗೂಟಗಳನ್ನು ಗೆದ್ದಲು ಮುಗಿಸಿ ಎಷ್ಟೋ ದಿನ ಆಯಿತು. ಒಂದೇ ಜಿಲ್ಲೆ. ಆದರೆ ಕಡೂರಿನಲ್ಲಿ ಬೀಳುವ ಮಳೆಯ ಮೂರು ಪಟ್ಟಿಗೂ ಜಾಸ್ತಿ ಮಳೆ ನಮ್ಮ ಕಡೆಯ ಮೂಡಿಗೆರೆಯಲ್ಲಿ ಬೀಳುತ್ತದೆ. ಅದಕ್ಕೇ ಬೇರೆ ಊರಿನಲ್ಲಿ ಪಾಸಾದ ಮದ್ದು ಅಂದಾಗ ನಾನು ಕೇಳುವುದು, ಅಲ್ಲಿ ಎಷ್ಟು ಮಳೆ? ಗೂಟ ಮಣ್ಣಿನಲ್ಲಿತ್ತೋ, ಮಣ್ಣಿನ ಮೇಲಿತ್ತೋ? ಯೂರೋಪಿನವರು ಮರದ ಬಳಕೆಯನ್ನು 1ರಿಂದ 5ರವರೆಗೆ ವಿಂಗಡಿಸಿಕೊಂಡಿದ್ದಾರೆ. ಒಣಗಿದ ಕೋಣೆಯೊಳಗಿನ ಮರ 1, ಮಣ್ಣು ಮುಟ್ಟುವ ಮರ 4, ಸಮುದ್ರದ ನೀರಲ್ಲಿ ನಿಲ್ಲುವುದು 5. ದಾರಂದಕ್ಕೆ ಸಾಕಾಗುವ ಮದ್ದು ಬೇಲಿ ಕಂಬಕ್ಕೆ ಸಾಕಾಗುವುದಿಲ್ಲ. ಬೇಲಿ ಕಂಬದ ಮದ್ದನ್ನು ಮಗುವಿನ ತೊಟ್ಟಿಲಿಗೆ ಹಚ್ಚುವುದಂತೂ ತಪ್ಪೇ ತಪ್ಪು.

ಮನೆಮದ್ದುಗಳ ಬಗ್ಗೆ ಎಲ್ಲ ಕಡೆ ಕೇಳುತ್ತಾರೆ. ಸೀಮೆಎಣ್ಣೆ ಆರಿ ಹೋಗುತ್ತದೆ. ವೇಸ್ಟ್ ಆಯಿಲ್‌ನಲ್ಲಿ ಎಂಜಿನ್ ಸವೆದು ಬಂದ ಲೋಹಗಳಿರುತ್ತವೆ, ಅದು ನಮ್ಮ ತೋಟದ ಮಣ್ಣಿಗೆ, ಕೊನೆಗೆ ಹಳ್ಳದ ನೀರಿಗೆ ಹೋಗುತ್ತದೆ. ಹಾಗಾಗಿ ನಾನು ಬಳಸುವುದಿಲ್ಲ. ಗೇರೆಣ್ಣೆಯ ಮೇಲೆ ನನಗೆ ಪ್ರೀತಿ ಇದೆ. ನಮ್ಮಪ್ಪ ರೀಪು ಪಕಾಸಿಗಳಿಗೆಲ್ಲ ಅದನ್ನೇ ಹಚ್ಚುತ್ತಿದ್ದರು, ಅಟ್ಟಕ್ಕೆ ಹೋದರೆ ಈಗಲೂ ಆ ಕಪ್ಪು ಹೊಳಪು ಕಾಣುತ್ತದೆ. ಆದರೆ ಕೈಗೆ ತಗುಲಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಹಾಕದೆ ಮುಟ್ಟಬೇಡಿ. ಬೇವಿನೆಣ್ಣೆ, ಗಂಜಲ, ಉಪ್ಪು ನೀರು ಅಂತ ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದರ ಮೇಲೆ ನಂಬಿಕೆ ಇರಬಹುದು. ನಾನು ಯಾವುದನ್ನೂ ಸುಮ್ನೆ ತಳ್ಳಿಹಾಕುವುದಿಲ್ಲ. ಹತ್ತು ಗೂಟಕ್ಕೆ ಹಚ್ಚಿ, ಹತ್ತನ್ನು ಬಿಡಿ. ನನ್ನ ಮಾತು ಬೇಡ, ಅಂಗಡಿಯವರ ಮಾತೂ ಬೇಡ.

ಇಷ್ಟು ಹೇಳಿ ಕೂತೆ. ಆಮೇಲೆ ಕೆಲವರು ಎದ್ದು ಕೇಳಿದರು.

ಬೇಲೂರು ರಸ್ತೆಯಲ್ಲಿ ಮರಗೆಲಸ ಮಾಡುವವರೊಬ್ಬರು, 'ಸಾರ್, ತೇಗ ಹಾಕಿ ಮಾಡಿದ ದಾರಂದಾನೂ ತಿಂದುಬಿಡ್ತು. ಗಿರಾಕಿ ನನ್ನನ್ನ ಬೈದ್ರು' ಅಂದರು. ಅವರ ನೋವು ನನಗೆ ಅರ್ಥವಾಯಿತು. ಈಗ ಸಿಗುವ ತೇಗದಲ್ಲಿ ಬೇಗ ಕಡಿದ ಎಳೆ ಮರ ಜಾಸ್ತಿ. ಅದರಲ್ಲಿ ಬಿಳಿ ಭಾಗ ಜಾಸ್ತಿ, ಚೇಗು ಕಡಿಮೆ. ಕೊಯ್ಯುವಾಗಲೇ ಬಿಳಿ ಭಾಗವನ್ನು ತೆಗೆಯಿರಿ, ಆಗದಿದ್ದರೆ ಅದಕ್ಕೆ ಬೋರಾನ್ ಕುಡಿಸಿ ಅಂದೆ. ಜೊತೆಗೆ ದಾರಂದದ ಕಾಲು ನೆಲದ ಮಣ್ಣಿಗೆ ಇಳಿಯದ ಹಾಗೆ ಕೆಳಗೆ ಕಲ್ಲು ಕೊಡಿ. ಗಿರಾಕಿಗೆ ಆ ಬಿಳಿ ಭಾಗವನ್ನು ತೋರಿಸಿಯೇ ಒಪ್ಪಿಸಿ.

ಹಿಂದಿನ ಸಾಲಿನಲ್ಲಿದ್ದ ಹಿರಿಯ ಅಮ್ಮ ಒಬ್ಬರು, 'ಇಷ್ಟೆಲ್ಲ ಯಾಕಪ್ಪಾ, ಹುತ್ತ ಅಗೆಸಿಬಿಟ್ರೆ ಆಗಲ್ವಾ? ಆದ್ರೆ ನಾಗರಪಂಚಮಿಗೆ ಹಾಲೆರೆಯೋ ಹುತ್ತ, ಕೈ ಬರಲ್ಲ' ಅಂದರು. ಕೈ ಬರದಿದ್ದದ್ದೇ ಒಳ್ಳೆಯದಾಯಿತು ಅಮ್ಮಾ ಅಂದೆ. ಗೆದ್ದಲಿನ ದಾರಿ ನೆಲದೊಳಗೆ ದೂರ ದೂರ ಹೋಗಿರುತ್ತದೆ. ಹೊರಗೆ ಹುತ್ತ ಕಾಣದ ಗೂಡುಗಳೂ ಇರುತ್ತವೆ. ಒಂದು ಹುತ್ತ ಒಡೆದರೆ ಮನೆ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಹುತ್ತ ಅಲ್ಲೇ ಇರಲಿ, ನೀವು ಹಾಲೆರೆಯಿರಿ. ಮನೆಯ ಮರ ಮಣ್ಣು ಮುಟ್ಟದ ಹಾಗೆ, ಗೋಡೆಗೆ ಸೌದೆ ಒಟ್ಟದ ಹಾಗೆ ನೋಡಿಕೊಳ್ಳಿ.

ಕೊನೆಗೆ ಒಬ್ಬ ಹುಡುಗ, 'ಐದು ವರ್ಷ, ಹತ್ತು ವರ್ಷ ಯಾರು ಕಾಯ್ತಾರೆ ಸಾರ್?' ಅಂದ. ಒಳ್ಳೆಯ ಪ್ರಶ್ನೆ. ನಿನ್ನ ಜಾಗದಲ್ಲಿ ಗೆದ್ದಲು ಇದ್ದರೆ ಬರಿ ಗೂಟ ಒಂದೆರಡು ವರ್ಷದಲ್ಲೇ ಹೋಗುತ್ತದೆ. ಆವತ್ತು ಮದ್ದಿನ ಗೂಟ ಹೇಗಿದೆ ಅನ್ನುವುದೇ ನಿನಗೆ ಮೊದಲ ಉತ್ತರ. ಅಷ್ಟರೊಳಗೇ ಹೋಗುವ ಮದ್ದನ್ನು ಕೈಬಿಡು. ಉಳಿದದ್ದು ನೆಲದಲ್ಲೇ ಇರಲಿ, ನೀನು ನಿನ್ನ ಕೆಲಸ ಮಾಡಿಕೊಂಡಿರು. ನಾನು ದೀಪಾವಳಿ ಹೊತ್ತಿಗೆ ಮಳೆ ಕಳೆದ ಮೇಲೆ ನೆಡುತ್ತೇನೆ. ಯುಗಾದಿಗೆ ಒಮ್ಮೆ ಕಿತ್ತು ನೋಡುತ್ತೇನೆ, ಮತ್ತೆ ದೀಪಾವಳಿಗೆ. ಹಬ್ಬಕ್ಕೆ ಮಕ್ಕಳು ಊರಿಗೆ ಬಂದಿರುತ್ತಾರೆ. ಒಬ್ಬರು ಗೂಟ ಕೀಳುತ್ತಾರೆ, ಒಬ್ಬರು ಪುಸ್ತಕ ಹಿಡಿಯುತ್ತಾರೆ. ಅರ್ಧ ಗಂಟೆಯ ಕೆಲಸ.

ಹೊರಗೆ ಜೀಪಿನಲ್ಲಿ ಸಿಲ್ವರ್ ಓಕ್ ಗೂಟದ ಕಟ್ಟುಗಳಿವೆ. ಒಂದೊಂದು ಕಟ್ಟಿನಲ್ಲೂ ಒಂದೇ ಮರದಿಂದ ಕೊಯ್ದ ಇಪ್ಪತ್ತು ಗೂಟ, ನಂಬರ್ ಹಾಕಲು ಇಪ್ಪತ್ತು ತಗಡಿನ ತುಂಡು. ದುಡ್ಡು ಬೇಡ. ಹೋಗುವಾಗ ಒಬ್ಬೊಬ್ಬರು ಒಂದೊಂದು ಕಟ್ಟು ತೆಗೆದುಕೊಳ್ಳಿ. ಹತ್ತಕ್ಕೆ ನಿಮಗೆ ನಂಬಿಕೆ ಇರುವ ಮದ್ದು ಹಚ್ಚಿ. ಉಳಿದ ಹತ್ತನ್ನು ಹಾಗೇ ನೆಡಿ.